ಕ್ರೂಸ್ ಹತ್ತುವ ಮುನ್ನ ರಾತ್ರಿ ರೈಲು: ಕುಟುಂಬದೊಂದಿಗೆ ಯುರೋಪಿಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಯುರೋಪಿನ ರಾತ್ರಿ ರೈಲು ಒಂದೆರಡು ಗಂಟೆ ತಡವಾದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕ್ರೂಸ್ ಹಡಗು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಇವೆರಡನ್ನೂ ಒಂದೇ ಪ್ರವಾಸದಲ್ಲಿ ಕೂಡಿಸಬೇಕೆಂದಿದ್ದರೆ ರೈಲಿನ ಟಿಕೆಟ್ ಹುಡುಕುವುದನ್ನು ಸ್ವಲ್ಪ ಬದಿಗಿಡಿ. ಹಡಗು ಹೊರಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಈ ಬರಹದ ಉಳಿದೆಲ್ಲ ಸಲಹೆಗಳೂ ಆ ಲೆಕ್ಕಕ್ಕೆ ಅಂಟಿಕೊಂಡೇ ಬರುತ್ತವೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ದಾರಿಯನ್ನೇ ಹಿಡಿದು ಹೇಳುತ್ತೇನೆ: ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನ, ಮ್ಯೂನಿಕ್‌ನಿಂದ ರೋಮ್‌ಗೆ ರಾತ್ರಿ ರೈಲು, ರೋಮ್‌ನ ಬಂದರಾದ ಚಿವಿತಾವೆಕ್ಕಿಯಾದಿಂದ ಮೆಡಿಟರೇನಿಯನ್ ಕ್ರೂಸ್. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೆ ಅಜ್ಜ-ಅಜ್ಜಿ ಇರಬಹುದು. ಬೇರೆ ಬಂದರಿನಿಂದ ಹೊರಡುವವರಿಗೂ ಕ್ರಮ ಇದೇ, ಊರಿನ ಹೆಸರು ಬದಲಾಗುತ್ತದೆ ಅಷ್ಟೇ.

ಮೊದಲೇ ಒಂದು ಮಾತು. ರಾತ್ರಿ ರೈಲು ಯಾವಾಗಲೂ ಅಗ್ಗವಲ್ಲ. ಮ್ಯೂನಿಕ್‌ನಿಂದ ರೋಮ್‌ಗೆ ವಿಮಾನದಲ್ಲಿ ಒಂದೂವರೆ ಗಂಟೆ, ಬೇಗ ಬುಕ್ ಮಾಡಿದರೆ ದರವೂ ಕಡಿಮೆ ಸಿಗುತ್ತದೆ. ರೈಲಿನಲ್ಲಿ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ, ಊರಿನ ನಡುವೆ ಹತ್ತಿ ಊರಿನ ನಡುವೆಯೇ ಇಳಿಯಬಹುದು, ಸೂಟ್‌ಕೇಸನ್ನು ಯಾರೂ ತೂಗುವುದಿಲ್ಲ. ಮಕ್ಕಳಿಗಂತೂ ಬಾಗಿಲು ಹಾಕಿಕೊಂಡು ಮಲಗುವ ಪುಟ್ಟ ಕೋಣೆ ಹಡಗಿನಷ್ಟೇ ದೊಡ್ಡ ಆಕರ್ಷಣೆ. ಆದರೆ ಚಲಿಸುವ ವಾಹನದಲ್ಲಿ ಕಣ್ಣು ಮುಚ್ಚಲೂ ಆಗದವರು ಮನೆಯಲ್ಲಿದ್ದರೆ ಸುಮ್ಮನೆ ವಿಮಾನ ಹಿಡಿಯಿರಿ. ನಿದ್ದೆಗೆಟ್ಟ ಮುಖದಲ್ಲಿ ಕ್ರೂಸ್ ಶುರುಮಾಡುವುದರಲ್ಲಿ ಸೊಗಸೇನೂ ಇಲ್ಲ.

ಹಂತ 1: ಹಡಗು ನಿಜವಾಗಿ ಎಲ್ಲಿಂದ ಹೊರಡುತ್ತದೆ?

ಕ್ರೂಸ್ ಕಂಪನಿಗಳ ಪ್ರಚಾರಪತ್ರದಲ್ಲಿ ಊರಿನ ಹೆಸರು ದೊಡ್ಡದಾಗಿ, ಬಂದರಿನ ಹೆಸರು ಚಿಕ್ಕದಾಗಿ ಇರುತ್ತದೆ. ನಮ್ಮ ಉದಾಹರಣೆಯ ರೋಮ್‌ಗೆ ಬಂದರೇ ಇಲ್ಲ. ಚಿವಿತಾವೆಕ್ಕಿಯಾ ಅಲ್ಲಿಂದ ಸುಮಾರು 80 ಕಿಲೋಮೀಟರ್. ‘ಬರ್ಲಿನ್’ ಎಂದು ಬರೆದಿದ್ದರೆ ಹಡಗು ಬಾಲ್ಟಿಕ್ ತೀರದ ವಾರ್ನೆಮ್ಯುಂಡೆಯಲ್ಲಿರುತ್ತದೆ. ಬರ್ಲಿನ್‌ನಿಂದ ಅದು 200 ಕಿಲೋಮೀಟರಿಗೂ ದೂರ.

ಹೆಚ್ಚು ಜನ ಎಡವುವುದು ವೆನಿಸ್ ವಿಷಯದಲ್ಲಿ. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಸಾನ್ ಮಾರ್ಕೊ ಎದುರಿನ ನೀರಿಗೆ, ಜುಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ‘ವೆನಿಸ್’ ಕ್ರೂಸ್ ಮಾರ್ಗೇರಾದಿಂದ ಹೊರಡಬಹುದು, ತ್ರಿಯೆಸ್ತೆಯಿಂದ ಹೊರಡಬಹುದು, ರವೆನ್ನಾದಿಂದಲೂ ಹೊರಡಬಹುದು. ತ್ರಿಯೆಸ್ತೆಯಾದರೆ ಅದೃಷ್ಟ, ಅಲ್ಲಿ ರೈಲು ನಿಲ್ದಾಣದಿಂದ ಹಡಗುಕಟ್ಟೆಗೆ ನಡೆದೇ ಹೋಗಬಹುದು. ರವೆನ್ನಾ ಆದರೆ ವೆನಿಸ್‌ವರೆಗೆ ಹೋಗುವುದೇ ಸುತ್ತು. ಬೊಲೊನ್ಯದಿಂದ ರವೆನ್ನಾಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಹಡಗುಗಳು ನಿಲ್ಲುವ ಪೋರ್ಟೊ ಕೊರ್ಸಿನಿ ಮತ್ತೆ ಊರಿನಿಂದಾಚೆ.

ರೈಲಿಗೆ ಅನುಕೂಲವಾದ ಬಂದರುಗಳೂ ಇವೆ. ಆಮ್‌ಸ್ಟರ್‌ಡ್ಯಾಮ್‌ನ ಪ್ರಯಾಣಿಕ ಟರ್ಮಿನಲ್ ಸೆಂಟ್ರಲ್ ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಜೆನೋವಾದಲ್ಲಿ ಪಿಯಾಜ್ಜಾ ಪ್ರಿಂಚಿಪೆ ನಿಲ್ದಾಣದಿಂದ ಕೆಳಗಿಳಿದರೆ ಬಂದರು. ಕೀಲ್‌ನಲ್ಲೂ ನಿಲ್ದಾಣದಿಂದ ಹಡಗು ದೂರವಿಲ್ಲ. ಹ್ಯಾಂಬರ್ಗ್‌ನಲ್ಲಿ ಮಾತ್ರ ಹಾಫೆನ್‌ಸಿಟಿ, ಆಲ್ಟೋನಾ, ಸ್ಟೈನ್‌ವೆರ್ಡರ್ ಎಂದು ಬೇರೆಬೇರೆ ಟರ್ಮಿನಲ್‌ಗಳು, ಒಂದೊಂದೂ ಊರಿನ ಒಂದೊಂದು ಕಡೆ. ನಿಮ್ಮ ಟಿಕೆಟ್‌ನಲ್ಲಿರುವ ಟರ್ಮಿನಲ್ ಹೆಸರನ್ನು ಪೂರ್ತಿ ಬರೆದಿಟ್ಟುಕೊಳ್ಳಿ, ಟ್ಯಾಕ್ಸಿಯವನು ಕೇಳುವುದು ಅದನ್ನೇ.

ಹಂತ 2: ಹಿಂದಕ್ಕೆ ಎಣಿಸಿ, ನಡುವೆ ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿ

ಹಡಗು ಭಾನುವಾರ ಸಂಜೆ ಹೊರಡುತ್ತದೆ ಎಂದುಕೊಳ್ಳಿ. ಚೆಕ್-ಇನ್ ಕೌಂಟರ್ ಹಡಗು ಹೊರಡುವುದಕ್ಕೆ ಒಂದು ಗಂಟೆಯಿಂದ ಎರಡು ಗಂಟೆ ಮೊದಲೇ ಮುಚ್ಚುತ್ತದೆ. ಕಂಪನಿಯಿಂದ ಕಂಪನಿಗೆ ಈ ಹೊತ್ತು ಬೇರೆ. ಶನಿವಾರ ರಾತ್ರಿಯ ರೈಲು ಹಿಡಿದು ಭಾನುವಾರ ಬೆಳಿಗ್ಗೆ ರೋಮ್‌ನಲ್ಲಿ ಇಳಿದರೆ ಸಮಯ ಸಾಕಲ್ಲ ಎನಿಸುತ್ತದೆ. ಕಾಗದದ ಮೇಲೆ ಸಾಕು, ನಿಜ.

ಆದರೆ ಶನಿವಾರ ರಾತ್ರಿ ಎಂಟಕ್ಕೆ ಮ್ಯೂನಿಕ್ ನಿಲ್ದಾಣದ ಫಲಕದಲ್ಲಿ ನಿಮ್ಮ ರೈಲು ರದ್ದು ಎಂದು ಬಂದರೆ? ಆ ಹೊತ್ತಿಗೆ ಬೇರೆ ದಾರಿಯೇ ಇರುವುದಿಲ್ಲ. ಅದೇ ನೀವು ಶುಕ್ರವಾರ ರಾತ್ರಿಯ ರೈಲನ್ನು ಆರಿಸಿಕೊಂಡಿದ್ದರೆ ಶನಿವಾರ ಇಡೀ ದಿನ ಕೈಯಲ್ಲಿರುತ್ತದೆ. ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ವೆರೋನಾಕ್ಕೆ ಹಗಲು ರೈಲಿನಲ್ಲಿ ಸುಮಾರು ಐದೂವರೆ ಗಂಟೆ. ವೆರೋನಾದಿಂದ ರೋಮ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ. ಬೆಳಿಗ್ಗೆ ಹೊರಟರೆ ಸಂಜೆಗೆ ರೋಮ್, ಭಾನುವಾರ ಹಡಗು. ನಡುವಿನ ಒಂದು ರಾತ್ರಿಯನ್ನು ರೋಮ್ ನೋಡಲು ಸಿಕ್ಕ ಬಿಡುವು ಎಂದಷ್ಟೇ ಎಣಿಸಬೇಡಿ. ರೈಲು ಕೈಕೊಟ್ಟರೆ ಪ್ರವಾಸ ಉಳಿಯುವುದು ಅದರಿಂದಲೇ. ಮಾರ್ಗದರ್ಶಿಯಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ಇನ್ನೊಂದು ತುದಿಯಲ್ಲೂ ಇದೇ ಎಚ್ಚರ ಬೇಕು. ವಿಮಾನ ಇಳಿದ ದಿನವೇ ರಾತ್ರಿ ರೈಲು ಹತ್ತಬೇಡಿ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವಿದ್ದರೂ ಒಂದು ರಾತ್ರಿಯ ನಿದ್ದೆ ಅಲ್ಲೇ ಹೋಗಿರುತ್ತದೆ. ಮಕ್ಕಳ ಹೊಟ್ಟೆ, ಹಿರಿಯರ ಮಂಡಿ ಎರಡಕ್ಕೂ ಎರಡು ರಾತ್ರಿ ಬಿಡುವು ಕೊಡಿ. ಹಾಗಾದರೆ ಲೆಕ್ಕ ಹೀಗೆ ಕೂಡುತ್ತದೆ: ಬುಧವಾರ ಬೆಳಿಗ್ಗೆ ಮ್ಯೂನಿಕ್, ಶುಕ್ರವಾರ ಸಂಜೆ ರೈಲು, ಶನಿವಾರ ರೋಮ್, ಭಾನುವಾರ ಬಂದರು.

ಇಟಲಿಯ ಮುಷ್ಕರಗಳನ್ನೂ ಈ ಹಂತದಲ್ಲೇ ನೋಡಿ. ಅಲ್ಲಿ ‘ಶೋಪೆರೊ’ ಎಂದರೆ ಮುಷ್ಕರ. ಮೊದಲೇ ದಿನ ಗೊತ್ತುಮಾಡಿ ಘೋಷಿಸುತ್ತಾರೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಪಟ್ಟಿಯೂ ಸಿಗುತ್ತದೆ. ಶುಕ್ರವಾರಗಳೆಂದರೆ ಮುಷ್ಕರಗಳಿಗೆ ಬಲು ಪ್ರೀತಿ. ಸ್ಥಳೀಯ ರೈಲುಗಳು ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮುಷ್ಕರದ ನಡುವೆಯೂ ಓಡಬೇಕೆಂಬ ನಿಯಮವಿದೆ. ಹೊರಡುವುದಕ್ಕೆ ಎರಡು ವಾರ ಮೊದಲು ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಪಟ್ಟಿ ನೋಡಿ. ಮುಷ್ಕರದ ಹೊತ್ತು ನಿಮ್ಮ ರೈಲಿನ ರಾತ್ರಿಗೇ ಬಿದ್ದಿದ್ದರೆ ಅದಕ್ಕೆ ಸಿಗದಂಥ ಮೊದಲಿನ ರೈಲಿಗೆ ಬದಲಾಯಿಸಿ ರೋಮ್‌ನಲ್ಲಿ ಹೆಚ್ಚು ರಾತ್ರಿ ಇರಿ.

ಹಂತ 3: ಯಾವ ಬಂದರಿಗೆ ಯಾವ ರಾತ್ರಿ ರೈಲು?

ಯುರೋಪಿನ ರಾತ್ರಿ ರೈಲುಗಳಲ್ಲಿ ಕುಟುಂಬಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಆಸ್ಟ್ರಿಯಾದ ರೈಲ್ವೆ ನಡೆಸುವ ನೈಟ್‌ಜೆಟ್. ವಿಯೆನ್ನಾ ಮತ್ತು ಮ್ಯೂನಿಕ್‌ನಿಂದ ರೋಮ್‌ಗೆ, ವಿಯೆನ್ನಾದಿಂದ ವೆನಿಸ್‌ಗೆ, ವಿಯೆನ್ನಾ ಮತ್ತು ಜ್ಯೂರಿಕ್‌ನಿಂದ ಹ್ಯಾಂಬರ್ಗ್‌ಗೆ, ಹಾಗೆಯೇ ಆಮ್‌ಸ್ಟರ್‌ಡ್ಯಾಮ್‌ಗೂ ಅದರ ಮಾರ್ಗಗಳಿವೆ. ಹ್ಯಾಂಬರ್ಗ್‌ನಲ್ಲಿ ಇಳಿದರೆ ಕೀಲ್‌ಗೆ ಸ್ಥಳೀಯ ರೈಲಿನಲ್ಲಿ ಒಂದೂಕಾಲು ಗಂಟೆ. ಫ್ರಾನ್ಸ್ ಒಳಗೆ ಪ್ಯಾರಿಸ್‌ನಿಂದ ನೀಸ್‌ಗೆ ರಾತ್ರಿ ರೈಲು 2021ರಲ್ಲಿ ಮತ್ತೆ ಶುರುವಾಯಿತು.

ದೊಡ್ಡ ಕ್ರೂಸ್ ಬಂದರಾದ ಬಾರ್ಸಿಲೋನಾಕ್ಕೆ ಮಾತ್ರ ರಾತ್ರಿ ರೈಲಿನ ಆಸೆ ಇಟ್ಟುಕೊಳ್ಳಬೇಡಿ. ಪ್ಯಾರಿಸ್–ಬಾರ್ಸಿಲೋನಾ ರಾತ್ರಿ ರೈಲು 2013ರಲ್ಲೇ ನಿಂತಿತು. ಫ್ರಾನ್ಸಿನ ವೇಗದ ರೈಲಾದ ಟಿಜಿವಿ ಹಗಲಿನಲ್ಲೇ ಏಳು ಗಂಟೆಯೊಳಗೆ ಮುಟ್ಟಿಸುತ್ತದೆ, ಅದೇ ಸಾಕು. ಅಥೆನ್ಸ್‌ನ ಪಿರೇಯಸ್‌ಗೂ ಮಧ್ಯ ಯುರೋಪಿನಿಂದ ರೈಲಿಲ್ಲ, ವಿಮಾನವೇ ಗತಿ. ಸೌತಾಂಪ್ಟನ್ ಎಂದರೆ ಬ್ರಿಟನ್, ಅದರ ವೀಸಾ ಪೂರ್ತಿ ಬೇರೆ.

ಹಳೆಯ ಪ್ರವಾಸಕಥನ ಓದಿ ಯೋಜನೆ ಮಾಡುವವರು ಹುಷಾರು. ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರಾಂತ್ಯದಲ್ಲಿ ಇಡೀ ಯುರೋಪಿನ ವೇಳಾಪಟ್ಟಿ ಬದಲಾಗುತ್ತದೆ. ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ 2021ರ ಡಿಸೆಂಬರ್‌ನಲ್ಲಿ ದೊಡ್ಡ ಸಡಗರದಿಂದ ಶುರುವಾಗಿ 2025ರ ಡಿಸೆಂಬರ್‌ನಲ್ಲಿ ನಿಂತೇಹೋಯಿತು. ಹಳಿ ದುರಸ್ತಿಗಾಗಿ ಮಾರ್ಗ ಬದಲಿಸುವುದು, ಬೇರೆ ನಿಲ್ದಾಣದಿಂದ ಹೊರಡಿಸುವುದು ಕೂಡ ನಡೆಯುತ್ತಲೇ ಇರುತ್ತದೆ. ಟಿಕೆಟ್ ಕೈಗೆ ಬಂದಮೇಲೂ ಮ್ಯೂನಿಕ್‌ನ ಮುಖ್ಯ ನಿಲ್ದಾಣವೋ ಪೂರ್ವ ನಿಲ್ದಾಣವೋ, ರೋಮ್‌ನಲ್ಲಿ ತೆರ್ಮಿನಿಯೋ ತಿಬುರ್ತಿನಾವೋ ಎಂಬುದನ್ನು ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಹಂತ 4: ಬರ್ತ್ ಆರಿಸುವುದು

ಹಣವನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬುದು ತೀರ್ಮಾನವಾಗುವುದು ಇಲ್ಲಿ.

ನೈಟ್‌ಜೆಟ್‌ನಲ್ಲಿ ಮೂರು ದರ್ಜೆ. ಕುಳಿತೇ ಹೋಗುವ ಸೀಟು, ಕುಶೆಟ್, ಸ್ಲೀಪರ್. ಸೀಟಿನ ದರ ನೋಡಿ ಮರುಳಾಗಬೇಡಿ, ಮಕ್ಕಳೊಂದಿಗೆ ಇಡೀ ರಾತ್ರಿ ಕೂರುವುದು ಬೇಡವೇ ಬೇಡ. ಕುಶೆಟ್ ಎಂದರೆ ನಮ್ಮ ತ್ರೀ ಟೈರ್ ಎಸಿಯ ಒಂದು ಭಾಗಕ್ಕೆ ಗೋಡೆ-ಬಾಗಿಲು ಹಾಕಿದಂತೆ: ಎದುರುಬದುರು ಬರ್ತ್‌ಗಳು, ದಿಂಬು, ಹೊದಿಕೆ, ಹಾಸುವ ಬಟ್ಟೆ ಎಲ್ಲ ಅವರೇ ಕೊಡುತ್ತಾರೆ. ಹಳೆಯ ಬೋಗಿಗಳಲ್ಲಿ ನಾಲ್ಕು ಅಥವಾ ಆರು ಬರ್ತ್, ಹೊಸ ರೈಲುಗಳಲ್ಲಿ ನಾಲ್ಕೇ. ಶೌಚಾಲಯ ಬೋಗಿಯ ತುದಿಯಲ್ಲಿ. ಸ್ಲೀಪರ್ ಅಲ್ಲಿ ಎಲ್ಲಕ್ಕಿಂತ ದುಬಾರಿ ದರ್ಜೆ, ಊರಿನ ಸ್ಲೀಪರ್ ನೆನಪಿನಲ್ಲಿ ಅಗ್ಗದ್ದೆಂದು ಒತ್ತಿಬಿಟ್ಟೀರಿ. ಹಳೆಯ ಬೋಗಿಯಲ್ಲಿ ಒಬ್ಬರಿಂದ ಮೂವರಿಗೆ ಒಂದು ಕೋಣೆ, ಒಳಗೆ ಕೈ ತೊಳೆಯುವ ಬೇಸಿನ್. ಹೊಸ ರೈಲುಗಳಲ್ಲಿ ಇಬ್ಬರಿಗಷ್ಟೇ ಒಂದು ಕೋಣೆ, ಆದರೆ ಶೌಚಾಲಯ, ಶವರ್ ಒಳಗೇ ಇರುತ್ತವೆ.

ನಾಲ್ಕು ಜನರ ಕುಟುಂಬಕ್ಕೆ ನಾನು ಹೇಳುವುದು ನಾಲ್ಕು ಬರ್ತ್‌ನ ಕುಶೆಟ್ ಕೋಣೆಯನ್ನು ಪೂರ್ತಿಯಾಗಿ ತೆಗೆದುಕೊಳ್ಳಿ ಎಂದೇ. ಬುಕಿಂಗ್ ಮಾಡುವಾಗ ಬಿಡಿ ಬರ್ತ್ ಬೇಕೋ, ಕೋಣೆ ನಿಮಗೊಬ್ಬರಿಗೇ ಬೇಕೋ ಎಂದು ಕೇಳುತ್ತದೆ. ‘ಪ್ರೈವೇಟ್’ ಎಂಬುದನ್ನು ಆರಿಸಿ. ಬಿಡಿ ಬರ್ತ್ ತೆಗೆದುಕೊಂಡರೆ ನಡುರಾತ್ರಿ ಯಾವುದೋ ಊರಲ್ಲಿ ಅಪರಿಚಿತರು ಒಳಗೆ ಬಂದು ದೀಪ ಹಾಕಬಹುದು. ಸ್ಲೀಪರ್‌ನಲ್ಲಿ ಎರಡು ಕೋಣೆಗೆ ಒಡೆದು ಮಕ್ಕಳನ್ನು ಹಂಚಿಕೊಳ್ಳುವುದಕ್ಕಿಂತ ಎಲ್ಲರೂ ಒಂದೇ ಬಾಗಿಲ ಹಿಂದೆ ಇರುವುದು ಮೇಲು. ಅಜ್ಜ-ಅಜ್ಜಿ ಜೊತೆಗಿದ್ದರೆ ಉಳಿಸಿದ ಹಣವನ್ನು ಅವರ ಮೇಲೆ ಹಾಕಿ: ಅವರಿಬ್ಬರಿಗೆ ಒಂದು ಸ್ಲೀಪರ್ ಕೋಣೆ. ರಾತ್ರಿ ಎರಡು ಸಲ ಏಳುವವರಿಗೆ ಒಳಗೇ ಶೌಚಾಲಯವಿರುವುದು ಐಷಾರಾಮವಲ್ಲ. ಅಲ್ಲಿಯೂ ಒಂದು ಬರ್ತ್ ಮೇಲಿರುತ್ತದೆ, ಏಣಿ ಹತ್ತುವವರು ಯಾರೆಂದು ಮೊದಲೇ ಕೇಳಿಕೊಳ್ಳಿ. ಇಬ್ಬರಿಗೂ ಮಂಡಿನೋವಿದ್ದರೆ ಅಜ್ಜಿಯ ಮೇಲಿನ ಬರ್ತ್‌ಗೆ ಮೊಮ್ಮಗಳನ್ನು ಕಳಿಸಿ, ಅಜ್ಜ ಕುಶೆಟ್‌ನ ಕೆಳಬರ್ತ್‌ಗೆ ಬರಲಿ.

ಯಾವ ರೈಲಿನಲ್ಲಿ ಹಳೆಯ ಬೋಗಿ, ಯಾವುದರಲ್ಲಿ ಹೊಸದು ಎಂದು ತಿಳಿಯಲು ಸುಲಭದ ಗುರುತು ಒಂದಿದೆ. ಬುಕಿಂಗ್ ಪುಟದಲ್ಲಿ ‘ಮಿನಿ ಕ್ಯಾಬಿನ್’ ಎಂಬ ಆಯ್ಕೆ ಕಂಡರೆ ಅದು ಹೊಸ ರೈಲು. ಆ ಮಿನಿ ಕ್ಯಾಬಿನ್ ಒಬ್ಬರೇ ನುಸುಳಿ ಮಲಗುವ ಪೆಟ್ಟಿಗೆ. ಕಾಲೇಜು ಓದುವ ಮಗನಿಗೆ ಖುಷಿಯಾದೀತು, ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ.

ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. 6ರಿಂದ 14 ವರ್ಷದವರಿಗೆ ರಿಯಾಯಿತಿ ಇದೆ. ಕುಶೆಟ್ ಬರ್ತ್ ಅಗಲ ಕಡಿಮೆ. ನಾಲ್ಕು ವರ್ಷದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ದೊಡ್ಡವರಿಗೆ ನಿದ್ದೆಯಿಲ್ಲ, ಹಾಗಾಗಿ ಮೂರು ದಾಟಿದ ಮಗುವಿಗೆ ಬರ್ತ್ ತೆಗೆದುಕೊಳ್ಳುವುದೇ ಸರಿ.

ಹಂತ 5: ವೀಸಾ ಮೊದಲೋ, ಟಿಕೆಟ್ ಮೊದಲೋ?

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ನೈಟ್‌ಜೆಟ್ ಬುಕಿಂಗ್ ತೆರೆಯುವುದೂ ಸಾಮಾನ್ಯವಾಗಿ ಆರು ತಿಂಗಳ ಮೊದಲು. ಎರಡೂ ಒಟ್ಟಿಗೇ ಬರುವುದರಿಂದ ಕ್ರಮ ಹೀಗಿರಲಿ: ಕ್ರೂಸ್ ಬುಕ್ ಮಾಡಿ ದಿನಾಂಕ ಗಟ್ಟಿಮಾಡಿ, ವೀಸಾ ಅಪಾಯಿಂಟ್‌ಮೆಂಟ್ ಹಿಡಿಯಿರಿ, ರೈಲು ಬುಕಿಂಗ್ ತೆರೆದ ವಾರದಲ್ಲೇ ಟಿಕೆಟ್ ಮಾಡಿ. ಬೇಸಿಗೆ ರಜೆಯಲ್ಲಿ ಇಡೀ ಕೋಣೆ ಬೇಕೆನ್ನುವವರು ತಡಮಾಡುವಂತಿಲ್ಲ. ಅತಿ ಅಗ್ಗದ ದರದಲ್ಲಿ ಹಣ ವಾಪಸ್ ಬರುವುದಿಲ್ಲ. ವೀಸಾ ಇನ್ನೂ ಕೈಗೆ ಬಂದಿಲ್ಲವಾದರೆ ಸ್ವಲ್ಪ ಹೆಚ್ಚು ಕೊಟ್ಟು ರದ್ದುಮಾಡಬಹುದಾದ ದರವನ್ನೇ ಆರಿಸಿ.

ಅರ್ಜಿ ಯಾವ ದೇಶಕ್ಕೆ ಎಂಬುದು ಮುಂದಿನ ಗೊಂದಲ. ಮೊದಲು ಕಾಲಿಡುವ ದೇಶಕ್ಕೆ ಎಂದು ಬಹಳ ಜನ ನಂಬಿದ್ದಾರೆ. ನಿಯಮ ಹಾಗಿಲ್ಲ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ, ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಎರಡು ರಾತ್ರಿ ಇದ್ದು, ರೋಮ್ ಮತ್ತು ಕ್ರೂಸ್‌ನ ಇಟಲಿ ಬಂದರುಗಳು ಸೇರಿ ಹೆಚ್ಚು ದಿನವಾದರೆ ಅರ್ಜಿ ಇಟಲಿಗೆ, ವಿಮಾನ ಇಳಿಯುವುದು ಜರ್ಮನಿಯಲ್ಲಾದರೂ ಸರಿ. ದಿನಕ್ಕೊಂದು ಸಾಲಿನಂತೆ ಎಲ್ಲಿರುತ್ತೀರಿ ಎಂದು ಬರೆದ ಪಟ್ಟಿಯನ್ನು ಅರ್ಜಿಯ ಜೊತೆ ಲಗತ್ತಿಸಿ. ರಾತ್ರಿ ರೈಲಿನ ದಿನಕ್ಕೆ ಹೋಟೆಲ್ ಚೀಟಿ ಇರುವುದಿಲ್ಲವಾದ್ದರಿಂದ ಆ ಸಾಲಿನಲ್ಲಿ ರೈಲಿನ ಟಿಕೆಟ್ ತೋರಿಸಬೇಕು.

ಹಡಗು ಟರ್ಕಿ, ಮಾಂಟೆನೆಗ್ರೊ, ಅಲ್ಬೇನಿಯಾ, ಟ್ಯುನೀಷಿಯಾದಂಥ ಷೆಂಗೆನ್ ಹೊರಗಿನ ಬಂದರಿಗೆ ಹೋಗಿ ಮರಳಿ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾ ಬೇಕೇಬೇಕು. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗಿದೆ, ಅದರ ಚಿಂತೆ ಬೇಡ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಆರರೊಳಗಿನವರಿಗೆ ಇಲ್ಲ. ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ವಿಮೆಯಲ್ಲಿ ಸಾರಿಗೆ ತಡವಾಗಿ ಹಡಗು ತಪ್ಪಿದರೆ ಪರಿಹಾರ ಉಂಟೇ ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

2025ರ ಅಕ್ಟೋಬರ್ 12ರಿಂದ ಹೊಸ ಗಡಿ ದಾಖಲೆ ವ್ಯವಸ್ಥೆ ಶುರುವಾಗಿದೆ. ಮುಖದ ಚಿತ್ರ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, 12 ವರ್ಷದೊಳಗಿನವರಿಗೆ ಬೆರಳಚ್ಚು ಇಲ್ಲ. ವಿಮಾನ ನಿಲ್ದಾಣದ ಸಾಲಿಗೆ ಅದನ್ನೂ ಸೇರಿಸಿ ಸಮಯ ಎಣಿಸಿ.

ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸ್ ಆಗಿರುವ ಯೂರೇಲ್ ಬೇಕೇ ಎಂದು ಕೇಳುವವರಿಗೆ ಚಿಕ್ಕ ಉತ್ತರ: ಒಂದು ರಾತ್ರಿ ರೈಲಿಗಾಗಿ ಬೇಡ. ಪಾಸ್ ಇದ್ದರೂ ಬರ್ತ್‌ಗೆ ಬೇರೆ ಹಣ ಕಟ್ಟಬೇಕು.

ಹಂತ 6: ಲಗೇಜು

ಯುರೋಪಿನ ನಿಲ್ದಾಣಗಳಲ್ಲಿ ಕೂಲಿಯವರಿಲ್ಲ. ನೀವು ಒಯ್ಯುವುದೆಲ್ಲ ನಿಮ್ಮ ಕೈಯಲ್ಲೇ ಹತ್ತಬೇಕು, ಇಳಿಯಬೇಕು. ಕೋಣೆಯೊಳಗೆ ನಡೆಯುವ ಜಾಗ ಒಬ್ಬರಿಗೆ ಸಾಲುವಷ್ಟೇ. ದೊಡ್ಡವರಿಗೆ ತಲಾ ಒಂದು ಮಧ್ಯಮ ಗಾತ್ರದ ಸೂಟ್‌ಕೇಸ್, ಮಕ್ಕಳಿಗೆ ಬೆನ್ನಿನ ಚೀಲ, ಇದಕ್ಕಿಂತ ಹೆಚ್ಚಾದರೆ ಯಾರೋ ಒಬ್ಬರು ಪೆಟ್ಟಿಗೆಯ ಮೇಲೆ ಕಾಲಿಟ್ಟು ಮಲಗಬೇಕಾಗುತ್ತದೆ. ಹಡಗಿನ ಔತಣಕ್ಕೆಂದು ರೇಷ್ಮೆ ಸೀರೆ, ಕೋಟು ಒಯ್ಯುವವರು ಅದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ತೆರೆಯದಂತೆ ಬೀಗ ಹಾಕಿ. ರಾತ್ರಿಗೆ ಬೇಕಾದದ್ದು ಬೇರೆ ಚಿಕ್ಕ ಚೀಲದಲ್ಲಿರಲಿ: ಪಾಸ್‌ಪೋರ್ಟ್, ಔಷಧಿ, ಹಲ್ಲುಜ್ಜುವ ಸಾಮಾನು, ಮಕ್ಕಳ ಒಂದು ಜೊತೆ ಬಟ್ಟೆ, ಹಗುರ ಸ್ವೆಟರ್. ಶೌಚಾಲಯದಲ್ಲಿ ಕಾಗದವಷ್ಟೇ ಇರುತ್ತದೆ, ನೀರಿಗೆ ಒಂದು ಖಾಲಿ ಬಾಟಲಿ ಇಟ್ಟುಕೊಳ್ಳುವುದು ನಮ್ಮವರಿಗೆ ಹೇಳಿಕೊಡಬೇಕಾದ್ದಲ್ಲ.

ಈಗ ಕೆಟಲ್ ವಿಷಯ. ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ನೂಡಲ್ಸ್‌ಗೆಂದು ವಿದ್ಯುತ್ ಕೆಟಲ್ ಇಲ್ಲದೆ ಹೊರಡುವ ಕನ್ನಡದ ಕುಟುಂಬ ಕಡಿಮೆ. ಹೋಟೆಲಿಗೆ ಅದು ಸರಿ. ಹಡಗಿಗೆ ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ನಿಷೇಧ, ಬೆಂಕಿಯ ಭಯಕ್ಕೆ. ಸ್ಕ್ಯಾನ್‌ನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ, ಜೊತೆಗೆ ನಿಮ್ಮ ಪೆಟ್ಟಿಗೆ ಕ್ಯಾಬಿನ್‌ಗೆ ಬರುವುದೂ ತಡವಾಗುತ್ತದೆ. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿ ಎಲ್ಲೂ ಹೋಗುವುದಿಲ್ಲ. ತೆಳುವಾದ ಎರಡು ಕಡ್ಡಿಯ ಚಾರ್ಜರ್ ಆಗುತ್ತದೆ.

ಹಂತ 7: ಬುತ್ತಿ

ನೈಟ್‌ಜೆಟ್‌ನಲ್ಲಿ ಬೆಳಗಿನ ತಿಂಡಿ ಟಿಕೆಟ್‌ನಲ್ಲೇ ಸೇರಿರುತ್ತದೆ. ಕುಶೆಟ್‌ನವರಿಗೆ ಬನ್ನು, ಬೆಣ್ಣೆ, ಜಾಮ್, ಕಾಫಿ ಅಥವಾ ಚಹಾ. ಸ್ಲೀಪರ್‌ನವರಿಗೆ ಪಟ್ಟಿಯಿಂದ ಬೇಕಾದ್ದನ್ನು ಗುರುತು ಹಾಕಿಕೊಡುವ ಅವಕಾಶ. ಸಂಜೆಯ ಊಟ ನಿಮ್ಮದೇ. ನಮ್ಮ ರೈಲಿನಂತೆ ‘ಊಟ, ಊಟ’ ಎಂದು ಕೂಗುತ್ತಾ ಯಾರೂ ಬರುವುದಿಲ್ಲ. ಕುಶೆಟ್ ಬೋಗಿಯ ಪರಿಚಾರಕರ ಬಳಿ ಕೊಳ್ಳಲು ಸಿಗುವುದು ಕೆಲವೇ ತಿನಿಸು.

ಮನೆಯಿಂದ ಒಯ್ಯುವಾಗ ಐರೋಪ್ಯ ಒಕ್ಕೂಟದ ನಿಯಮ ನೆನಪಿರಲಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ, ಖೋವಾದ ಸಿಹಿಗಳಿಗೆ ಇಲ್ಲಿಂದಲೇ ವಿದಾಯ ಹೇಳಿ. ಹಸಿ ಕರಿಬೇವೂ ಪ್ರಮಾಣಪತ್ರವಿಲ್ಲದೆ ಒಳಗೆ ಬರುವಂತಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಒಣ ಅವಲಕ್ಕಿಗೆ ತೊಂದರೆಯಿಲ್ಲ, ಗೊಜ್ಜನ್ನು ಮಾತ್ರ ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಗೆ ಹಾಕಿ. ಮ್ಯೂನಿಕ್ ಮುಖ್ಯ ನಿಲ್ದಾಣದ ದಕ್ಷಿಣಕ್ಕೆ ಗೋಥೆ ರಸ್ತೆಯ ಸುತ್ತಮುತ್ತ ತುರ್ಕಿ ಅಂಗಡಿಗಳು ಬೇಕಾದಷ್ಟಿವೆ. ಮೊಸರು, ರೊಟ್ಟಿ, ಹಣ್ಣು, ಆಲಿವ್ ಅಲ್ಲೇ ಕೊಂಡರೆ ಚಟ್ನಿಪುಡಿಯ ಜೊತೆ ರಾತ್ರಿಯ ಊಟ ಮುಗಿಯಿತು. ಭಾನುವಾರ ಹೊರಡುವವರು ಶನಿವಾರವೇ ಕೊಳ್ಳಿ, ಜರ್ಮನಿಯಲ್ಲಿ ಭಾನುವಾರ ನಿಲ್ದಾಣದೊಳಗಿನ ಅಂಗಡಿ ಬಿಟ್ಟರೆ ಉಳಿದವು ಬಾಗಿಲು ಹಾಕಿರುತ್ತವೆ.

ಹಂತ 8: ರೈಲು ಹತ್ತುವ ಸಂಜೆ

ಮ್ಯೂನಿಕ್ ಮುಖ್ಯ ನಿಲ್ದಾಣದಲ್ಲಿ ದೊಡ್ಡ ನಿರ್ಮಾಣ ಕಾಮಗಾರಿ ವರ್ಷಗಳಿಂದ ನಡೆದಿದೆ, ದಾರಿಗಳು ಸುತ್ತು. ಮುಕ್ಕಾಲು ಗಂಟೆ ಮೊದಲೇ ಹೋಗಿ. ಪ್ಲಾಟ್‌ಫಾರ್ಮ್‌ನ ಫಲಕದಲ್ಲಿ ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ತೋರಿಸಿರುತ್ತಾರೆ, ಅಲ್ಲೇ ಹೋಗಿ ನಿಂತುಕೊಳ್ಳಿ. ಕೆಲವು ರಾತ್ರಿ ರೈಲುಗಳು ದಾರಿಯಲ್ಲಿ ಒಡೆದು ಬೇರೆಬೇರೆ ಊರಿಗೆ ಹೋಗುತ್ತವೆ, ಹಾಗಾಗಿ ‘ಹೇಗೂ ಒಳಗೆ ನಡೆದುಕೊಂಡು ಹೋಗೋಣ’ ಎಂದು ಸಿಕ್ಕ ಬಾಗಿಲಿಗೆ ನುಗ್ಗಬೇಡಿ.

ಒಳಗೆ ಹೋದ ಮೇಲೆ ಮೊದಲು ಪೆಟ್ಟಿಗೆಗಳನ್ನು ಕೆಳಬರ್ತ್ ಅಡಿಗೆ ತಳ್ಳಿ, ಆಮೇಲೆ ಮಕ್ಕಳನ್ನು ಒಳಗೆ ಬಿಡಿ. ಬೋಗಿಯ ಪರಿಚಾರಕರು ಬಂದು ಟಿಕೆಟ್ ನೋಡುತ್ತಾರೆ, ಬೀಗ ಹಾಕುವುದನ್ನು, ದೀಪ ಮತ್ತು ಗಾಳಿಯನ್ನು ಹೊಂದಿಸುವುದನ್ನು ತೋರಿಸುತ್ತಾರೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಬ್ಬಿಸಬೇಕೆಂದು ಅವರಿಗೇ ಹೇಳಬಹುದು. ಮಲಗುವಾಗ ಒಳಗಿನ ಚಿಲಕವನ್ನೂ ಹಾಕಿ. ಷೆಂಗೆನ್ ಒಳಗೇ ಪ್ರಯಾಣವಾದರೂ ಗಡಿ ಪೊಲೀಸರು ನಡುರಾತ್ರಿ ಬಾಗಿಲು ತಟ್ಟುವುದುಂಟು, ಪಾಸ್‌ಪೋರ್ಟ್‌ಗಳು ಒಬ್ಬರ ದಿಂಬಿನ ಪಕ್ಕ ಒಂದೇ ಚೀಲದಲ್ಲಿರಲಿ. ನಲ್ಲಿಯ ನೀರು ಕುಡಿಯಲು ಅಲ್ಲ. ಮಕ್ಕಳನ್ನು ಬೇಗ ಮಲಗಿಸುವ ಆಸೆ ಬಿಟ್ಟುಬಿಡಿ. ಆಲ್ಪ್ಸ್ ಕಡೆಗೆ ರೈಲು ಹೊರಳುವಾಗ ಬೇಸಿಗೆಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ, ನೋಡಲಿ.

ಹಂತ 9: ರೈಲು ಕೈಕೊಟ್ಟರೆ

ಐರೋಪ್ಯ ನಿಯಮದಂತೆ ರೈಲು 60ರಿಂದ 119 ನಿಮಿಷ ತಡವಾದರೆ ಟಿಕೆಟ್ ಹಣದ ಕಾಲುಭಾಗ, 120 ನಿಮಿಷ ಮೀರಿದರೆ ಅರ್ಧ ಕೇಳಬಹುದು. ವಿಪರೀತ ಹವಾಮಾನದಂಥ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ. ರೈಲು ರದ್ದಾದರೆ ಹಣ ವಾಪಸ್ ಅಥವಾ ಬೇರೆ ರೈಲಿನಲ್ಲಿ ಪ್ರಯಾಣ, ಆಯ್ಕೆ ನಿಮ್ಮದು. ಆದರೆ ಗಮನಿಸಿ, ಈ ಪರಿಹಾರವೆಲ್ಲ ರೈಲಿನ ಟಿಕೆಟ್‌ಗೆ ಮಾತ್ರ. ತಪ್ಪಿಹೋದ ಹಡಗಿನ ಹಣವನ್ನು ರೈಲ್ವೆ ಕಟ್ಟಿಕೊಡುವುದಿಲ್ಲ.

ರದ್ದು ಎಂದು ತಿಳಿದ ಕೂಡಲೇ ಒಬ್ಬರು ಟಿಕೆಟ್ ಕೌಂಟರ್ ಸಾಲಿನಲ್ಲಿ ನಿಲ್ಲಲಿ, ಇನ್ನೊಬ್ಬರು ಫೋನಿನಲ್ಲಿ ಮರುದಿನ ಬೆಳಗಿನ ಬ್ರೆನ್ನರ್ ರೈಲನ್ನೂ, ರಾತ್ರಿಗೆ ನಿಲ್ದಾಣದ ಬಳಿ ಹೋಟೆಲನ್ನೂ ಹುಡುಕಲಿ. ರದ್ದಾದದ್ದಕ್ಕೆ ಕೌಂಟರ್‌ನಲ್ಲಿ ಒಂದು ಲಿಖಿತ ಚೀಟಿ ಕೇಳಿ ಪಡೆಯಿರಿ, ವಿಮೆಯವರು ಕೇಳುವುದು ಅದನ್ನೇ. ಹಡಗು ಕಂಪನಿಯ ತುರ್ತು ಫೋನ್ ಸಂಖ್ಯೆ ಮೊದಲೇ ಬರೆದಿಟ್ಟಿರಬೇಕು. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹತ್ತಬೇಕು, ಅದಕ್ಕೂ ಅವರ ಒಪ್ಪಿಗೆ ಬೇಕು.

ಹಂತ 10: ರೋಮ್‌ನಿಂದ ಬಂದರಿಗೆ

ರೈಲು ಬೆಳಿಗ್ಗೆ ಒಂಬತ್ತು-ಹತ್ತರ ಸುಮಾರಿಗೆ ಮುಟ್ಟುತ್ತದೆ, ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ ಎರಡು-ಮೂರಕ್ಕೆ. ಪೆಟ್ಟಿಗೆಗಳನ್ನು ಹೋಟೆಲಿನಲ್ಲೇ ಬಿಟ್ಟು ಹೊರಗೆ ಹೋಗಿಬನ್ನಿ. ಎಲ್ಲರೂ ತೆರ್ಮಿನಿ ನಿಲ್ದಾಣದ ಸುತ್ತ ಹೋಟೆಲ್ ಹುಡುಕುತ್ತಾರೆ. ನನ್ನ ಮತ ಸಾನ್ ಪಿಯೆತ್ರೊ ನಿಲ್ದಾಣದ ಬಳಿಗೆ. ವ್ಯಾಟಿಕನ್‌ಗೆ ನಡೆದು ಹೋಗಬಹುದು, ಚಿವಿತಾವೆಕ್ಕಿಯಾದ ರೈಲುಗಳು ಅಲ್ಲಿ ನಿಲ್ಲುತ್ತವೆ. ತೆರ್ಮಿನಿಯಲ್ಲಿ ಆ ರೈಲುಗಳು ಸಾಮಾನ್ಯವಾಗಿ 25ರ ನಂತರದ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತವೆ, ಅಲ್ಲಿಗೆ ಪೆಟ್ಟಿಗೆ ಎಳೆದುಕೊಂಡು ಹೋಗುವುದೇ ಒಂದು ಯಾತ್ರೆ. ಹೋಟೆಲಿನಲ್ಲಿ ನಗರ ತೆರಿಗೆಯನ್ನು ತಲೆಗಿಷ್ಟು ಎಂದು ಬೇರೆಯಾಗಿ ಕೇಳುತ್ತಾರೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಭಾನುವಾರ ಬೆಳಿಗ್ಗೆ ಸ್ಥಳೀಯ ರೈಲಿನಲ್ಲಿ ಚಿವಿತಾವೆಕ್ಕಿಯಾಕ್ಕೆ ಒಂದು ಗಂಟೆಯ ಆಸುಪಾಸು, ಟಿಕೆಟ್ ಐದು ಯೂರೊ ಸುಮಾರು. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲವಾದರೆ ದಂಡ. ಆರು ಜನ, ಆರು ಪೆಟ್ಟಿಗೆ ಇದ್ದರೆ ವ್ಯಾನ್ ಮಾಡಿಕೊಳ್ಳುವುದು ದುಬಾರಿಯಾದರೂ ತಪ್ಪಲ್ಲ. ಚಿವಿತಾವೆಕ್ಕಿಯಾ ನಿಲ್ದಾಣದಿಂದ ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ಬಸ್ ಹೋಗುತ್ತದೆ, ಅಲ್ಲಿಂದ ಬಂದರಿನ ಉಚಿತ ಬಸ್ ಆಯಾ ಹಡಗಿನ ಬಳಿಗೆ ಬಿಡುತ್ತದೆ. ನಿಲ್ದಾಣದಿಂದ ಬಂದರಿನ ಕೋಟೆ ಹತ್ತಿರವೇ ಕಾಣುತ್ತದೆಂದು ನಡೆಯತೊಡಗಬೇಡಿ, ಹಡಗುಗಳು ಅಲ್ಲಿಂದ ಬಹಳ ಮುಂದೆ.

ಕ್ರೂಸ್‌ನ ಆನ್‌ಲೈನ್ ಚೆಕ್-ಇನ್ ಮನೆಯಲ್ಲೇ ಮುಗಿಸಿ, ಲಗೇಜಿನ ಚೀಟಿಗಳನ್ನು ಮುದ್ರಿಸಿ ತಂದಿರಬೇಕು. ಅವನ್ನು ರೈಲು ಇಳಿದ ಮೇಲೆ, ರೋಮ್‌ನ ಹೋಟೆಲಿನಲ್ಲಿ ಅಂಟಿಸಿ. ಮೊದಲೇ ಅಂಟಿಸಿದರೆ ರೈಲಿನ ಎಳೆದಾಟದಲ್ಲಿ ಕಿತ್ತುಹೋಗುತ್ತವೆ. ಟರ್ಮಿನಲ್‌ನಲ್ಲಿ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ. ಅಲ್ಲಿಯವರೆಗೆ ಬೇಕಾದ ಔಷಧಿ, ದಾಖಲೆ, ಮಕ್ಕಳ ಈಜುಡುಪು ಕೈಚೀಲದಲ್ಲಿರಲಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್‌ಗಳನ್ನು ಪ್ರವಾಸ ಮುಗಿಯುವವರೆಗೆ ತೆಗೆದಿಟ್ಟುಕೊಳ್ಳುತ್ತಾರೆ, ಹಾಗಾಗಿ ಫೋಟೊ ಪುಟ ಮತ್ತು ವೀಸಾ ಪುಟದ ಪ್ರತಿಗಳನ್ನು ಬಂದರುಗಳಲ್ಲಿ ಇಳಿಯುವಾಗ ಜೊತೆಗಿಟ್ಟುಕೊಳ್ಳಿ.